ಕತ್ತರಿ ಗೀರಿದ ಪ್ಲೇಟು

"ಸ್ಪಿರಿಟ್ ಮಾತ್ರ ಮುಟ್ಟಿಸಬೇಡಿ," ಎಂದು ಕಾಂಪೌಂಡರ್ ಫೋನಿನಲ್ಲಿ ಹೇಳುತ್ತಿದ್ದ. ಹೇಳುತ್ತಿದ್ದಂತೆಯೇ ಅವನ ಬಲಗೈ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಬಟ್ಟೆ ಹಿಡಿದು, ಮೇಜಿನ ಮೇಲಿದ್ದ ಗ್ರಾಮಫೋನ್ ಪ್ಲೇಟನ್ನು ಹೊರ ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಒರೆಸುತ್ತಿತ್ತು. ಫೋನು ಎಡಗಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಆ ಕಡೆಯವನು ಹಳೇ ಪ್ಲೇಟು ಕೂಡಿಡುವ ಈ ಹುಚ್ಚಿಗೆ ಹೊಸಬ. ತೀರಿಹೋದ ಮಾವನ ಅಟ್ಟದ ಮೇಲೆ ಹಳೆಯ ಹಾಡಿನ ಪ್ಲೇಟುಗಳ ಪೆಟ್ಟಿಗೆಯೊಂದು ಸಿಕ್ಕಿದೆ, ಅವನ್ನು ತೊಳೆಯುವುದು ಹೇಗೆ ಎಂದು ಯಾರನ್ನೋ ಕೇಳಿದ್ದ. ಆ ಯಾರೋ ಕಾಂಪೌಂಡರನ ನಂಬರು ಕೊಟ್ಟಿದ್ದರು. "ನೋಡಿ, ಪ್ಲಾಸ್ಟಿಕ್ ಪ್ಲೇಟಾದ್ರೆ ಸ್ಪಿರಿಟ್ಟಲ್ಲಿ ಒರೆಸಿ, ಕನ್ನಡಿ ಥರ ಆಗುತ್ತೆ. ಆದ್ರೆ ಅರಗಿನ ಹಳೇ ಪ್ಲೇಟು, ತಗಡಿಗೆ ಮೆರುಗೆಣ್ಣೆ ಬಳಿದು ಅಲ್ಲೇ ಕೂತು ಕೊರೆದ ಪ್ಲೇಟು ಇರ್ತಾವಲ್ಲ, ಅವಕ್ಕೆ ತಣ್ಣೀರು, ಒಂಚೂರು ಸೋಪು, ಅಷ್ಟೇ. ಸ್ಪಿರಿಟ್ ಬಿತ್ತೋ, ಹಾಡೂ ಹೋಯ್ತು, ಹಾಡಿದೋರೂ ಹೋದ್ರು." ಇದು ಅವನು ಎಲ್ಲರಿಗೂ ಹೇಳುವ ಮಾತು, ಹೇಳಿದ ಮೇಲೆ ನಗುವಿಗಾಗಿ ಒಂದು ಗಳಿಗೆ ಕಾಯುವುದೂ ರೂಢಿ. ನಗು ಬಂತು. "ನಿಮ್ಮಂಥೋರು ಇರೋದ್ರಿಂದ ಇದೆಲ್ಲಾ ಉಳ್ಕೊಂಡಿದೆ ಸಾರ್," ಎಂದ ಆ ಕಡೆಯವನು. ಕಾಂಪೌಂಡರನ ಎದೆಯೊಳಗೆ ಬೆಚ್ಚಗೆ ಏನೋ ಹರಡಿತು. ಅದೇ ಹೊತ್ತಿಗೆ ಬಟ್ಟೆ ಅಂಟಿಕೊಂಡಿತು.

ಮೊದಲು ಕೊಳೆಯೆಂದುಕೊಂಡ. ಹಳೆಯ ಪ್ಲೇಟುಗಳ ಮೇಲೆ ಕೈಬೆವರು, ಎಣ್ಣೆ, ಒಲೆಯ ಹೊಗೆ ಎಲ್ಲಾ ಕೂತು ಹೀಗೆ ಜಿಗುಟಾಗುವುದುಂಟು. ಬಟ್ಟೆ ಎತ್ತಿದ. ಪ್ಲೇಟಿಗೂ ಬಟ್ಟೆಗೂ ನಡುವೆ ಕರೀ ನೂಲಿನಂಥ ಎಳೆಗಳೆದ್ದು, ಜಗ್ಗಿ, ತುಂಡಾದವು. ಆಗಲೂ ಕೈ ನಿಲ್ಲಲಿಲ್ಲ. ಇನ್ನೊಂದು ಅರ್ಧ ಸುತ್ತು ತಾನಾಗಿ ಓಡಿತು. ನೊಗ ಕಳಚಿದ ಮೇಲೂ ನಾಲ್ಕು ಹೆಜ್ಜೆ ಸಾಲಿನಲ್ಲೇ ನಡೆಯುವ ಎತ್ತಿನ ಹಾಗೆ. ಮುಂದೆ ಆ ದಿನವಿಡೀ ಅವನ ಮೈ ಜುಮ್ಮೆನ್ನುತ್ತಿದ್ದುದು ಉಳಿದ ಸುತ್ತುಗಳನ್ನು ನೆನೆದಲ್ಲ, ಆ ಅರ್ಧ ಸುತ್ತನ್ನು ನೆನೆದು. ಮೇಜಿನ ಎಡಗಡೆ ಬೆಳಗಿನಿಂದ ಒರೆಸಿಟ್ಟ ಪ್ಲಾಸ್ಟಿಕ್ ಪ್ಲೇಟುಗಳ ಗುಡ್ಡೆ. ಬಲಗಡೆ ಒರೆಸಬೇಕಾದವು ಮುಗಿದಿದ್ದವು. ಅದರಾಚೆ, ಬೇರೆಯಾಗಿ ಇಟ್ಟಿದ್ದ ಕಂದು ಕಾಗದದ ಚೀಲವೊಂದು ಬಾಯಿ ತೆರೆದು ಖಾಲಿ ಬಿದ್ದಿತ್ತು. ಟೈಲರುಗಳು ಅಂಗಿಯ ಅಳತೆಗೆ ಕತ್ತರಿಸಿಟ್ಟುಕೊಳ್ಳುತ್ತಾರಲ್ಲ, ಆ ದಪ್ಪ ಕಾಗದ. ಅಂಚಿಗೆ ಮಿಷನ್ನಿನ ಹೊಲಿಗೆ. ಅದರೊಳಗಿಂದ ಪ್ಲೇಟನ್ನು ಯಾವಾಗ ತೆಗೆದ? ತೆಗೆದದ್ದು ಅವನೇ ಇರಬೇಕು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಹಲೋ, ಸಾರ್? ಇದ್ದೀರಾ?"

"ಇದ್ದೀನಿ," ಎಂದ ಕಾಂಪೌಂಡರ್.

"ತಣ್ಣೀರು ಅಂದ್ರಲ್ಲ, ಬಾವಿ ನೀರು ಆಗುತ್ತಾ?"

"ಆಗುತ್ತೆ. ಯಾವುದಾದ್ರೂ ಆಗುತ್ತೆ." ತನ್ನ ದನಿ ನೆಟ್ಟಗೇ ಬಂತಲ್ಲ ಎಂದು ಅವನಿಗೆ ದಿಗಿಲಾಯಿತು. ಫೋನು ಇಟ್ಟ. ಪ್ಲೇಟಿನ ಮೇಲೆ ಮುಖ ಬಗ್ಗಿಸಿದ. ನಿನ್ನೆ ಸಂಜೆ ಕಿಟಕಿಯ ಬೆಳಕಿಗೆ ಹಿಡಿದಾಗ ಆಗತಾನೇ ಉತ್ತ ಹೊಲದಂತೆ ಗೆರೆ ಗೆರೆಯಾಗಿ ಮಿನುಗಿದ್ದ ಮೈ ಈಗ ಮಳೆ ಹೊಡೆದು ಸಾಲೆಲ್ಲಾ ಕಲಸಿಹೋದ ಕೆಸರಿನ ಹಾಗಿತ್ತು. ನಡುವಿನ ಬಿಳಿ ಕಾಗದದ ಸುತ್ತ ಮಾತ್ರ ಹೊಲಿಗೆಯ ಅಂಚಿನಷ್ಟು ಅಗಲ ಮಿನುಗು ಉಳಿದಿತ್ತು. ಅಲ್ಲಿಗೆ ಬಟ್ಟೆ ಇನ್ನೂ ಹೋಗಿರಲಿಲ್ಲ.

"ಏನ್ರೀ ಇದು, ಮನೆಯೆಲ್ಲಾ ದನದ ಆಸ್ಪತ್ರೆ ವಾಸನೆ!" ಎನ್ನುತ್ತ ಹೆಂಡತಿ ಬಾಗಿಲಿಗೆ ಬಂದಳು. ಅವನ ಕೈ ಹಳೇ ಪೇಪರೊಂದನ್ನು ಪ್ಲೇಟಿನ ಮೇಲೆ ಎಳೆದಿತ್ತು. ಅದನ್ನೂ ಕೈಯೇ ಮಾಡಿತು. "ರಿಟೈರಾಗಿ ಬಂದ್ರೂ ಆ ಸೀಸೆ ಬಿಟ್ಟು ಬರ್ಲಿಲ್ಲ ನೀವು. ಟೈಲರಣ್ಣ ಮಧ್ಯಾಹ್ನ ಬರ್ತಾರೆ ಅಂದ್ರಲ್ಲ, ಊಟಕ್ಕೇ ಬರ್ತಾರಾ, ಊಟ ಆದ್ಮೇಲಾ? ನೋಡಿ ಮತ್ತೆ, ಈ ಮನೇಲಿ ಹಾಡೋ ತಟ್ಟೆ ಇರೋವಷ್ಟು ಉಣ್ಣೋ ತಟ್ಟೆ ಇಲ್ಲ."

"ಆದ್ಮೇಲೆ," ಎಂದ.

ಅವಳು ಅವನ ಮುಖವನ್ನು ನೋಡಿದಳು. "ಯಾಕೆ ಹಿಂಗಿದೀರಾ?"

"ವಾಸನೆ ತಲೆಗೇರಿದೆ."

ಅವಳು ಕಿಟಕಿ ತೆರೆದು ಹೋದಳು. ದನದ ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ಡಾಕ್ಟರು ಅವನಿಗೊಂದು ಪಾಠ ಹೇಳಿದ್ದರು: ಸೀಸೆ ಎತ್ತಿದರೆ ಅದರ ಮೇಲಿನ ಹೆಸರನ್ನು ಬಾಯಿಬಿಟ್ಟು ಓದಬೇಕು, ಕಣ್ಣಿಗೆ ಗೊತ್ತು ಅಂತ ನಂಬಬಾರದು, ದನ ಬಾಯಿಬಿಟ್ಟು ಹೇಳುವುದಿಲ್ಲ. ಅವನು ಕೆಲಸದಲ್ಲಿದ್ದಷ್ಟು ಕಾಲ ಹಾಗೇ ಓದಿದ. ಊರವರು, ಕಾಂಪೌಂಡರು ಎಮ್ಮೆಗೂ ಮಂತ್ರ ಹೇಳ್ತಾನೆ ಎಂದು ಆಡಿಕೊಂಡು ನಗುತ್ತಿದ್ದರು, ಅವನೂ ನಗುತ್ತಿದ್ದ, ಒಂದು ಸಲವೂ ತಪ್ಪಿರಲಿಲ್ಲ. ಈಗ ಮನೆಯಲ್ಲಿ, ತನ್ನದೇ ಮೇಜಿನ ಮುಂದೆ, ಬಾಯಿಬಿಟ್ಟು ಓದುತ್ತಲೇ ಇದ್ದ. ಸ್ಪಿರಿಟ್ ಮುಟ್ಟಿಸಬೇಡಿ ಎಂದು ಅಷ್ಟು ಸ್ಪಷ್ಟವಾಗಿ, ಅಷ್ಟು ಚೆಂದವಾಗಿ. ಬಾಯಿ ಒಂದು ಕಡೆ, ಕೈ ಒಂದು ಕಡೆ. ಬಾಯಿಗೆ ಹೊಗಳಿಕೆ ಬೇಕಿತ್ತು, ಕೈಗೆ ಕೆಲಸ ಬೇಕಿತ್ತು. ನಡುವೆ ತಾನು ಎಲ್ಲಿದ್ದೆ ಎಂದು ಹುಡುಕಿದರೆ ಅಲ್ಲಿ ಯಾರೂ ಇರಲಿಲ್ಲ. ಹಗುರವಾಗಿತ್ತು, ಹೊಳೆಯುತ್ತಿತ್ತು, ಕೈಗೆ ಪ್ಲಾಸ್ಟಿಕ್ಕಿನ ಹಾಗೇ ಅನ್ನಿಸಿರಬೇಕು ಎಂದು ತನಗೆ ತಾನೇ ವಕೀಲನಾದ. ಅರಗಿನ ಪ್ಲೇಟಾಗಿದ್ದರೆ ಭಾರಕ್ಕೇ ಗೊತ್ತಾಗುತ್ತಿತ್ತು. ತಗಡಿನದಾದ್ದರಿಂದ ಹೀಗಾಯಿತು. ಸರಿ, ಯಾರ ಮುಂದೆ ಹೇಳುವುದು ಇದನ್ನು?

ಆ ಪ್ಲೇಟಿನಲ್ಲಿ ಇದ್ದದ್ದು ಗೆಳೆಯ ಟೈಲರನ ಹೆಂಡತಿಯ ದನಿ. ಅವಳು ಹಾಡುಗಾರ್ತಿಯಲ್ಲ, ಗುಂಡಿ ಹೊಲಿಯುತ್ತಿದ್ದವಳು. ಮದುವೆಯಾದ ಹೊಸದರಲ್ಲಿ ಗಂಡಹೆಂಡಿರು ಪೇಟೆಯ ಸಿನಿಮಾ ಮಂದಿರಕ್ಕೆ ಒಂದು ಹಾಡಿನ ಚಿತ್ರ ನೋಡಲು ಹೋಗಿದ್ದರು. ಹೊರಗೆ ಒಬ್ಬ ಊರೂರು ತಿರುಗುವವನು ದನಿ ಕೊರೆಯುವ ಯಂತ್ರ ಇಟ್ಟುಕೊಂಡು ಕೂತಿದ್ದನಂತೆ. ಚಿತ್ರ ನೋಡಿ ಬಂದವರು ಅದರ ಹಾಡನ್ನು ಯಂತ್ರದ ಬಾಯಿಗೆ ಹಾಡಬೇಕು. ಅಲ್ಲೇ, ಕಣ್ಣೆದುರಿಗೇ, ಪ್ಲೇಟು ಕೊರೆದು ಕೈಗೆ ಕೊಡುತ್ತಿದ್ದ. ಎರಡನೆಯ ಪ್ರತಿ ಇಲ್ಲ. ಅವಳು ನಾಚಿ ನಾಚಿ ಹಾಡಿದಳಂತೆ. ಅಂಥ ಪ್ಲೇಟು ಕಾಂಪೌಂಡರನ ಪ್ಲೇಟು ಹುಚ್ಚಿನ ಬಳಗದಲ್ಲಿ ಯಾರ ಬಳಿಯೂ ಇರಲಿಲ್ಲ. ಅವನ ಬೀರುವಿನಲ್ಲಿ ಹಾಡಿನ ಚಿತ್ರಗಳ ವಿಡಿಯೋ ಡಿಸ್ಕುಗಳು ಅಡ್ಡಡ್ಡಲಾಗಿ, ಅರಗಿನ ಪ್ಲೇಟುಗಳು ನೆಟ್ಟಗೆ, ಧೂಳು ಕೂರದಂತೆ ಗಾಜಿನ ಹಿಂದೆ ನಿಂತಿದ್ದವು. ದೊಡ್ಡ ದೊಡ್ಡ ಗಾಯಕರೆಲ್ಲ ಅಲ್ಲಿ ಸಾಲಾಗಿದ್ದರು. ಆದರೂ ಟೈಲರನ ಅಲಮಾರಿಯ ಮೇಲಿನ ಆ ಕಂದು ಚೀಲ ಅವನ ಕಣ್ಣಲ್ಲಿ ಹರಳಿನಂತೆ ಒತ್ತುತ್ತಿತ್ತು. ಕೇಳಿದಾಗಲೆಲ್ಲ ಟೈಲರ್, "ಹೆಂಡ್ತೀನ ಸಾಲ ಕೊಡ್ತಾರೇನೋ?" ಎಂದು ನಕ್ಕುಬಿಡುತ್ತಿದ್ದ. ಒಮ್ಮೆ ಅವಳ ಕೈತಪ್ಪಿ ದೊಡ್ಡ ಕತ್ತರಿ ಅದರ ಮೇಲೆ ಬಿದ್ದು, ಅಂಚಿನಿಂದ ನಡುವಿನವರೆಗೆ ಗೀರು ಬಿತ್ತು ಎಂದು ಕೇಳಿದ ದಿನ ಕಾಂಪೌಂಡರನಿಗೆ ರಾತ್ರಿ ಊಟ ಸೇರಲಿಲ್ಲ. ಆಮೇಲೆ ಅವಳು ಸತ್ತಳು. ಹೆಣ ನಡುಮನೆಯಲ್ಲಿತ್ತು, ಟೈಲರ್ ಗೋಡೆಗೆ ಒರಗಿ ಕೂತಿದ್ದ, ಹೆಂಗಸರು ಒಳಗೆ ಅಳುತ್ತಿದ್ದರು. ಕಾಂಪೌಂಡರ್ ಬಾಗಿಲಲ್ಲಿ ನಿಂತು ತಲೆ ತಗ್ಗಿಸಿದ, ತಗ್ಗಿಸಿದ ತಲೆ ಎತ್ತಿದಾಗ ಕಣ್ಣು ನೇರ ಅಲಮಾರಿಯ ಮೇಲಕ್ಕೆ ಹೋಯಿತು. ಚೀಲ ಅಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡು ಕೆಳಗಿಳಿದ ಕಣ್ಣಿಗೆ ಟೈಲರನ ಕಣ್ಣು ಸಿಕ್ಕಿತು. ಅದಾದ ಮೇಲೆ ಕಾಂಪೌಂಡರ್ ಪ್ಲೇಟು ಕೇಳುವುದನ್ನು ಬಿಟ್ಟಿದ್ದ.

ನಿನ್ನೆ ಕೊಟ್ಟದ್ದು ಟೈಲರ್ ತಾನಾಗಿಯೇ. ಅಂಗಡಿಯ ಮುಂದೆ ಹೋಗುತ್ತಿದ್ದವನನ್ನು ಚಪ್ಪಾಳೆ ತಟ್ಟಿ ಕರೆದ. ಈಚೆಗೆ ಅವನಿಗೆ ಕಿವಿ ಪೂರ್ತಿ ಹೋಗಿತ್ತು. ಗಿರಾಕಿಗಳು ಹೇಳುವುದನ್ನು ಬರೆಯಲೆಂದು ಕತ್ತರಿಸುವ ಮೇಜಿನ ಮೇಲೆ ಒಂದು ಸ್ಲೇಟು ಇಟ್ಟಿದ್ದ. ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣವೇ ಅದಕ್ಕೂ. "ಇವತ್ತು ಹಾಕ್ದೆ ಕಣೋ ಅವಳ ಪ್ಲೇಟು," ಎಂದ, ತನ್ನ ದನಿ ತನಗೇ ಕೇಳಿಸದವರು ಮಾತಾಡುವಂತೆ ಒಂದೇ ಮಟ್ಟದಲ್ಲಿ. "ತಿರುಗ್ತು. ತಿರುಗೋದು ಕಾಣಿಸ್ತು. ಅಷ್ಟೇ." ಆಮೇಲೆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ಈ ಊರಲ್ಲಿ ಸರಿಯಾದ ಕಿವಿ ಅಂತ ಇರೋದು ನಿಂದೊಂದು. ಇನ್ನು ನೀನು ಕೇಳು. ಇನ್ನೊಂದು ಪ್ರತಿ ಮಾಡೋದಿದ್ರೆ ಮಾಡ್ಕೋ. ನಾಳೆ ಬರ್ತೀನಿ, ಅವಳು ಹೆಂಗೆ ಹಾಡಿದಾಳೆ ಅಂತ ನನಗೆ ಹೇಳು. ಬೇರೆ ಏನೂ ಬೇಡ." ಕಾಂಪೌಂಡರ್ ಸ್ಲೇಟಿನ ಮೇಲೆ 'ಜೋಪಾನ ಮಾಡ್ತೀನಿ' ಎಂದು ಬರೆದ. ಟೈಲರ್ ಓದಿ, "ಗೊತ್ತು ಬಿಡು," ಎಂದು ಹೆಬ್ಬೆರಳಲ್ಲಿ ಒರೆಸಿದ.

ಜೋಪಾನ ಮಾಡಲೆಂದೇ ನಿನ್ನೆ ಹಾಕಲಿಲ್ಲ. ಕೊಳೆ ಇರುವ ಪ್ಲೇಟಿನ ಮೇಲೆ ಪ್ಲೇಯರಿನ ಮುಳ್ಳು ಇಟ್ಟರೆ ಗೆರೆ ಸವೆಯುತ್ತದೆ, ಮೊದಲು ತೊಳೆಯಬೇಕು, ಆಮೇಲೆ ಕೇಳಬೇಕು. ಇದೂ ಅವನು ಎಲ್ಲರಿಗೂ ಹೇಳುವ ಮಾತು. ಹಾಗಾಗಿ ಪ್ಲೇಟಿನಲ್ಲಿದ್ದ ಅವಳ ದನಿಯನ್ನು ಅವನು ಕೇಳಿಯೇ ಇಲ್ಲ. ಕುರ್ಚಿಯಲ್ಲಿ ಕೂತಿದ್ದವನಿಗೆ ಇದು ಈಗ ಹೊಳೆಯಿತು. ಟೈಲರನಿಗೆ ಕೇಳಿಸುವುದಿಲ್ಲ. ತಾನು ಕೇಳಿಲ್ಲ. ಕೇಳಿ ಹೇಳುವವರು ಇನ್ನು ಯಾರೂ ಇಲ್ಲ. ಹಾಡು ಹೋಗಿಲ್ಲವಲ್ಲ, ಆ ಹಾಡು ಎಲ್ಲರ ಹತ್ತಿರವೂ ಇದೆ ಎಂದು ಒಂದು ಸಮಾಧಾನ ಎದ್ದು ಬಂತು. ಬಂದ ದಾರಿಯಲ್ಲೇ ಹೋಯಿತು. ಅವಳು ಮಾತಾಡುತ್ತಿದ್ದದ್ದಾದರೂ ಹೇಗಿತ್ತು? ಒಮ್ಮೆ ಅವನ ಅಂಗಿಯ ಗುಂಡಿಯನ್ನು, ಅವನು ಹಾಕಿಕೊಂಡಿದ್ದ ಹಾಗೇ, ಹೊಲಿದುಕೊಟ್ಟಿದ್ದಳು. ಹಲ್ಲಿನಲ್ಲಿ ದಾರ ಕಚ್ಚಿ ತುಂಡು ಮಾಡಿದಳು. ಅವಳ ತಲೆಗೂದಲು ಅವನ ಎದೆಯ ಹತ್ತಿರ ಇತ್ತು, ಅವನು ಉಸಿರು ಬಿಗಿಹಿಡಿದು ನಿಂತಿದ್ದ, ಅವಳು ಏನೋ ಹೇಳಿದಳು. ಏನು? ದಾರದ ಟಕ್ಕೆಂಬ ಸದ್ದು ಕಿವಿಯಲ್ಲಿತ್ತು, ಸೀಮೆಸುಣ್ಣದ ವಾಸನೆ ಮೂಗಿನಲ್ಲಿತ್ತು, ಅವಳ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಪ್ರಪಂಚದ ಸತ್ತವರ ದನಿಗಳನ್ನೆಲ್ಲ ಗಾಜಿನ ಹಿಂದೆ ಜೋಡಿಸಿಟ್ಟವನು ಕಣ್ಣೆದುರು ಓಡಾಡುತ್ತಿದ್ದವಳ ಒಂದು ಮಾತನ್ನೂ ಉಳಿಸಿಕೊಂಡಿರಲಿಲ್ಲ.

ಊಟಕ್ಕೆ ಕೂತ. ತಿಂದದ್ದು ಏನೆಂದು ತಿಳಿಯಲಿಲ್ಲ. ಹೆಂಡತಿ ನೆಂಟರ ಮದುವೆಯ ಸುದ್ದಿ ಏನೋ ಹೇಳುತ್ತಿದ್ದಳು. ಅವನು ಹ್ಞೂಂಗುಟ್ಟುತ್ತ, ಬೀರುವಿನ ಎರಡನೆಯ ಅಂತಸ್ತಿನಲ್ಲಿ ಅದೇ ಹಾಡಿನ ಕಂಪನಿ ಪ್ಲೇಟು ಇದೆ ಎಂದು ಯೋಚಿಸುತ್ತಿದ್ದ. ಅದೇ ಚಿತ್ರ, ಅದೇ ಹಾಡು, ಹಾಡಿದವಳು ಮಾತ್ರ ಹೆಸರಾಂತ ಗಾಯಕಿ. ಕೇಳಿಸದವನಿಗೆ ಇದಾದರೇನು, ಅದಾದರೇನು? ತಾನು ಕಿವಿಗೊಟ್ಟು ಕೇಳಿದ ಹಾಗೆ ಕೂತು, 'ಚೆನ್ನಾಗಿ ಹಾಡಿದ್ದಾಳೆ' ಎಂದು ಬರೆದರೆ ಮುಗಿಯಿತು. ಈ ಯೋಚನೆ ಎಷ್ಟು ಸಲೀಸಾಗಿ, ತುಪ್ಪದಲ್ಲಿ ಅದ್ದಿದ ಹಾಗೆ, ಒಳಗಿಳಿಯಿತೆಂದರೆ ಅವನು ಬೆಚ್ಚಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ. ಬೆಳಿಗ್ಗೆ ಒರೆಸಿದ್ದು ಕೈ. ಈಗ ಇದನ್ನು ಹೂಡುತ್ತಿರುವುದು ಯಾರು?

"ಎಲ್ಲಿದೀರಾ ನೀವು?" ಎಂದಳು ಹೆಂಡತಿ.

"ಇಲ್ಲೇ."

"ಇಲ್ಲೇ ಅಂತೆ. ಮದುವೆ ಆದಾಗಿಂದ ಇದನ್ನೇ ಹೇಳ್ತಿದೀರಾ."

ಟೈಲರ್ ಬಂದಾಗ ಕಾಂಪೌಂಡರ್ ಕಂಪನಿ ಪ್ಲೇಟನ್ನು ಪ್ಲೇಯರಿನ ಮೇಲಿಟ್ಟಾಗಿತ್ತು. ಕಂದು ಚೀಲ ಕಾಣುವಂತೆ ಪಕ್ಕದಲ್ಲಿತ್ತು. ಹಾಳಾದ ಪ್ಲೇಟು ಅದರೊಳಗೆ ಒಣಗಿಕೊಂಡಿತ್ತು. ಟೈಲರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಗಡ್ಡ ಹೆರೆಸಿದ್ದ. ಅದನ್ನು ನೋಡಿ ಕಾಂಪೌಂಡರ್ ಪ್ಲೇಯರಿನ ಕಡೆ ತಿರುಗಿಕೊಂಡ. "ಏನಮ್ಮಾ ತಂಗಿ, ಚಹಾ ಆಮೇಲೆ. ಮೊದಲು ಅವಳನ್ನ ಮಾತಾಡಿಸಿಬಿಡ್ತೀನಿ," ಎಂದು ಟೈಲರ್ ಒಳಗೆ ಕೂಗಿ, ಸ್ಪೀಕರಿನ ಪಕ್ಕದ ಸ್ಟೂಲಿನ ಮೇಲೆ ಕೂತ. ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡ. ಕಾಂಪೌಂಡರ್ ಮುಳ್ಳು ಇಳಿಸಿದ. ಹಾಡು ಎದ್ದಿತು, ದೊಡ್ಡ ಮೇಳದ ಜೊತೆ, ನಯವಾಗಿ, ಎಲ್ಲೂ ಎಡವದೆ. ಕಾಂಪೌಂಡರ್ ಕಣ್ಣು ಮುಚ್ಚಿದ, ಕೇಳುವವರು ಮುಚ್ಚುವ ಹಾಗೆ. ತೆರೆದಾಗ ಟೈಲರ್ ಸ್ಪೀಕರಿನ ಮರಕ್ಕೆ ಅಂಗೈ ಒತ್ತಿ ಕೂತಿದ್ದ. ಹೊಸ ಥಾನಿನ ಬಟ್ಟೆಯನ್ನು ಕತ್ತರಿಸುವ ಮೊದಲು ನೇವರಿಸುತ್ತಾನಲ್ಲ, ಆ ಕೈ.

"ಇದು ಅವಳಲ್ಲ," ಎಂದ ಟೈಲರ್.

ಕಾಂಪೌಂಡರ್ ಕಂದು ಚೀಲದ ಕಡೆ ನೋಡಿದ.

"ಇವಳು ಕಲಿತೋಳು. ಮೈಯೆಲ್ಲಾ ಇಸ್ತ್ರಿ ಮಾಡಿದ ಹಂಗಿದೆ. ನಮ್ಮೋಳ ಪ್ಲೇಟು ಸುತ್ತಿಗೊಂದ್ಸಲ ಟಕ್ ಅನ್ನುತ್ತೆ, ಕತ್ತರಿ ಗೀರು. ಎಲ್ಲಿದೆ ಇಲ್ಲಿ ಟಕ್ಕು?" ಅವನ ಮುಖದಲ್ಲಿ ಅನುಮಾನವಿರಲಿಲ್ಲ, ತುಂಟತನವಿತ್ತು. "ಪರೀಕ್ಷೆ ಮಾಡ್ತೀಯೇನೋ ಕಾಂಪೌಂಡರ್? ಕಿವುಡ ಅಂತ ಹೋಲಿಸಿ ತೋರಿಸ್ತಿದೀಯಾ? ಸಾಕು, ತೆಗಿ ಅವಳನ್ನ. ನಮ್ಮೋಳ್ನ ಹಾಕು."

ಹೇಳಬೇಕಾದ್ದು ಆಗಲೇ. ಸ್ಲೇಟು ಎದುರಿಗೇ ಇತ್ತು. ಆದರೆ ಟೈಲರ್ ಆಗಲೇ ಚೀಲದಿಂದ ಪ್ಲೇಟು ತೆಗೆದಿದ್ದ, ಅಂಚನ್ನು ಮಾತ್ರ ಎರಡು ಅಂಗೈಗಳ ನಡುವೆ ಹಿಡಿದು, ಮೈ ನೋಡದೆ, ಮಗುವನ್ನು ದಾಟಿಸುವಂತೆ ದಾಟಿಸಿದ. ಕಾಂಪೌಂಡರ್ ಈಸಿಕೊಂಡ. ಇಟ್ಟ. ಮುಳ್ಳು ಇಳಿಸಿದ. ಸ್ಪೀಕರಿನಿಂದ ತಗಡಿನ ಮಾಡಿನ ಮೇಲೆ ಮರಳು ಸುರಿದಂಥ ಸದ್ದು ಹೊರಬಿತ್ತು. ಬರೀ ಭೋರೆಂಬ ಸದ್ದು, ಅದರಲ್ಲಿ ಆಳವಿಲ್ಲ, ಅಗಲವಿಲ್ಲ, ಮನುಷ್ಯರಿಲ್ಲ. ಅದರ ನಡುವೆ, ಸುತ್ತಿಗೊಂದು ಸಲ, ಟಕ್. ಕತ್ತರಿ ತಗಡಿನವರೆಗೆ ಇಳಿದಿತ್ತು. ಅದನ್ನು ಸ್ಪಿರಿಟ್ ಅಳಿಸಿರಲಿಲ್ಲ. ಟಕ್. ಟಕ್.

"ಹ್ಞಾ," ಎಂದ ಟೈಲರ್. ಅವನ ಇಡೀ ಮುಖ ಸಡಿಲವಾಯಿತು. "ಹ್ಞಾ, ಇವಳು. ಧೂಳು ಕೂತಿದೆ ಅಲ್ವಾ, ಒರಟು ಬಡೀತಿದೆ ಕೈಗೆ. ಆದ್ರೂ ಇವಳೇ."

ಆಮೇಲೆ ಅವನು ಹಾಡತೊಡಗಿದ. ತನ್ನ ದನಿ ಎಲ್ಲಿ ಏರುತ್ತದೆ ಎಲ್ಲಿ ಇಳಿಯುತ್ತದೆ ಎಂದು ತಿಳಿಯದ ಮನುಷ್ಯ, ಬಾವಿಯೊಳಗಿಂದ ಬಂದಂಥ ಮೊಂಡು ದನಿಯಲ್ಲಿ, ಟಕ್ಕಿಗೆ ಸರಿಯಾಗಿ ಹೆಜ್ಜೆ ಇಡುತ್ತ, ಒಂದೊಂದೇ ಸಾಲು. ಎರಡನೆಯ ಸಾಲಿನ ನಡುವೆ, ಯಾವ ಗಾಯಕಿಯೂ ನಿಲ್ಲಿಸದ ಕಡೆ, ನಿಲ್ಲಿಸಿದ, ಬೆರಳೆತ್ತಿ, "ಇಲ್ಲಿ ಅವಳಿಗೆ ಉಸಿರು ಸಾಲಲ್ಲ, ನೋಡು," ಎಂದ, ಮುಂದುವರಿಸಿದ. ಚರಣಕ್ಕೆ ಬಂದಾಗ ನಕ್ಕ. "ಮಾತು ಮರೆತು ಮತ್ತೆ ಮೊದಲ ಸಾಲೇ ಹಾಡಿಬಿಟ್ಲು. ಕೇಳ್ತಾ?" ಕಾಂಪೌಂಡರ್ ತಲೆಯಾಡಿಸಿದ. ಆಡಿದ್ದು ತಲೆಯೇ ಹೌದೋ ಅಲ್ಲವೋ. ಹೆಂಡತಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕಿವಿ ಕೇಳಿಸುತ್ತಿತ್ತು. ಅವಳು ಭೋರೆನ್ನುವ ಸ್ಪೀಕರನ್ನು ನೋಡಿದಳು, ಅದನ್ನು ತಬ್ಬಿದಂತೆ ಕೂತು ಹಾಡುತ್ತಿದ್ದ ಟೈಲರನನ್ನು ನೋಡಿದಳು, ಗಂಡನನ್ನು ನೋಡಿದಳು. ಮೂಗಿಗೆ ಮತ್ತೆ ಆ ವಾಸನೆ ಬಂದಿರಬೇಕು. ಲೋಟಗಳು ತಟ್ಟೆಯ ಮೇಲೆ ಸಣ್ಣಗೆ ಕಿಣಿಗುಟ್ಟಿದವು. ಅವಳು ಅವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಹಾಡು ಮುಗಿಯಿತು. ಟೈಲರ್ ಒಡನೆಯೇ ಕೈಚಾಚಿ ತಾನೇ ಮುಳ್ಳು ಎತ್ತಿದ. "ಹಾಡು ಮುಗಿದ ತಕ್ಷಣ ಎತ್ತಿಬಿಡೋದು, ಮೊದಲಿಂದ್ಲೂ. ಮುಂದೆ ಸುಮ್ನೆ ಸವೆಸೋದು ಯಾಕೆ." ಸ್ಲೇಟನ್ನೂ ಸೀಮೆಸುಣ್ಣವನ್ನೂ ಕಾಂಪೌಂಡರನ ತೊಡೆಯ ಮೇಲಿಟ್ಟ. "ಈಗ ಹೇಳು. ಹೆಂಗೆ ಹಾಡಿದಾಳೆ? ಹೊಗಳಬೇಡ ಮತ್ತೆ, ಇದ್ದದ್ದು ಹೇಳು. ನನ್ನ ಜ್ಞಾಪಕದಲ್ಲಿ ಅವಳ ದನಿ ಈಚೆಗೆ ನಂದೇ ಆಗಿಬಿಡ್ತಿದೆ ಕಣೋ. ನೆನೆಸ್ಕೊಂಡ್ರೆ ಹಾಡು ಬರುತ್ತೆ, ಹಾಡ್ತಿರೋನು ನಾನು. ಅದಕ್ಕೇ ಕೇಳ್ತಿರೋದು. ಸಣ್ಣ ದನಿಯಾ? ದಪ್ಪನಾ?"

ಅವನು ನಿಜವಾಗಿಯೂ ಕಾಯುತ್ತಿದ್ದ. 'ಸಣ್ಣ' ಎಂದು ಬರೆದರೆ ಅವನ ಹೆಂಡತಿಗೆ ಸಣ್ಣ ದನಿ ಬರುತ್ತದೆ. 'ದಪ್ಪ' ಎಂದು ಬರೆದರೆ ದಪ್ಪ. ಇಷ್ಟು ಸುಲಭ. ಹಾಳುಮಾಡಿದ್ದರ ಮೇಲೆ ತನಗೆ ತೋಚಿದವಳನ್ನು ಕೂರಿಸಿ ಕಳಿಸಿಬಿಡಬಹುದು, ಆ ಮುದುಕ ಅವಳ ಜೊತೆ ಉಳಿದ ಕಾಲ ಬಾಳುತ್ತಾನೆ. ಸೀಮೆಸುಣ್ಣ ಸ್ಲೇಟನ್ನು ಮುಟ್ಟಿತು. ಕೈ ಏನು ಬರೆಯುತ್ತದೋ ಎಂದು ಕಾಂಪೌಂಡರ್ ತಾನೇ ಹೆದರಿ ನೋಡಿದ. ಆಮೇಲೆ, ಆಸ್ಪತ್ರೆಯಲ್ಲಿ ಸೀಸೆ ಓದುತ್ತಿದ್ದ ಹಾಗೆ, ಒಂದೊಂದು ಅಕ್ಷರವನ್ನೂ ಬಾಯಿಬಿಟ್ಟು ಹೇಳಿಕೊಳ್ಳುತ್ತ ಬರೆದ: 'ಇದರಲ್ಲಿ ದನಿ ಇಲ್ಲ. ಬೆಳಿಗ್ಗೆ ನಾನು ಸ್ಪಿರಿಟ್ಟಲ್ಲಿ ಒರೆಸಿಬಿಟ್ಟೆ. ನಾನು ಕೇಳಿಯೇ ಇಲ್ಲ.'

ಟೈಲರ್ ಕನ್ನಡಕ ಹಣೆಗೇರಿಸಿ ಓದಿದ. ಮತ್ತೆ ಕೆಳಗಿಳಿಸಿ ಓದಿದ. ಬೈಯುತ್ತಾನೆ ಎಂದು ಕಾಂಪೌಂಡರ್ ಕಾದ, ಬೈಯಲಿ ಎಂದು ಹಾರೈಸಿದ. ಟೈಲರ್ ಎದ್ದು ಪ್ಲೇಯರಿನ ಹತ್ತಿರ ಹೋಗಿ, ತಿರುಗುವುದು ನಿಂತಿದ್ದ ಪ್ಲೇಟಿನ ಮೈಮೇಲೆ ತೋರುಬೆರಳ ತುದಿ ಇಟ್ಟ. ನೂಲು ಅಡ್ಡವೋ ಉದ್ದವೋ ಎಂದು ಕತ್ತಲಲ್ಲೂ ಹೇಳುವ ಬೆರಳು. ಅದು ಅಂಚಿನಿಂದ ಹೊರಟು, ಎಲ್ಲೂ ತಡೆಯಿಲ್ಲದೆ, ಗಾಜಿನ ಮೇಲೆ ಜಾರಿದಂತೆ ಒಳಕ್ಕೆ ಜಾರಿತು. ಅಷ್ಟು ದೂರ ಜಾರುತ್ತದೆಂದು ಬೆರಳಿಗೂ ಗೊತ್ತಿರಲಿಲ್ಲವೇನೋ. ಬಿಳಿ ಕಾಗದದ ಹತ್ತಿರ ತಡೆಯಿತು.

"ಇಲ್ಲಿ ಇದೆ," ಎಂದ ಟೈಲರ್. ಆ ಒಂ‍ದೇ ಮಟ್ಟದ ದನಿ ಒಡೆದಿತ್ತು. "ಇಲ್ಲಿ ಗೆರೆ ಇದೆ. ಹಾಕು."

ಕಾಂಪೌಂಡರ್ ಮುಳ್ಳು ಎತ್ತಿದಾಗ ಹೆಂಡತಿ ಎದ್ದು ಬಂದು ಅವನ ಮೊಣಕೈ ಹಿಡಿದಳು. ಮುಳ್ಳು ಆ ಹೊಲಿಗೆಯಷ್ಟು ಅಗಲದ ಅಂಚಿಗೆ ಇಳಿಯಿತು. ಟಕ್. ಖಾಲಿ. ಟಕ್. ಆಮೇಲೆ ಕೋಣೆಯೊಳಗೆ, ಅವರ ನಡುವೆಯೇ ಯಾರೋ ಬಂದು ನಿಂತಂತೆ, ಒಬ್ಬ ಹುಡುಗಿ ಕೇಳಿದಳು: "ಮುಗೀತಾ?" ಹಾಡಿನ ದನಿಯಲ್ಲ, ಮಾತಿನ ದನಿ, ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಹಿಂದಿನಿಂದ ಯಾರೋ ಗಂಡಸು ನಕ್ಕ. ಟಕ್. ಮುಳ್ಳು ಕಾಗದಕ್ಕೆ ಹೋಗಿ ಬಡಿಯಿತು.

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಟೈಲರ್ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದ. "ಏನು? ಏನು ಬಂತು? ಬರೆಯೋ!"

'ಮುಗೀತಾ ಅಂತ ಕೇಳ್ತಾಳೆ,' ಎಂದು ಬರೆದ ಕಾಂಪೌಂಡರ್. 'ಯಾರೋ ನಗ್ತಾರೆ.'

"ನಾನೇ," ಎಂದ ಟೈಲರ್. "ನಕ್ಕಿದ್ದು ನಾನು. ಯಂತ್ರ ನಿಲ್ಲಿಸೋಕೆ ಮೊದಲೇ ಮಾತಾಡಿಬಿಟ್ಲು ಅಂತ." ಅವನು ಸ್ಟೂಲಿನ ಮೇಲೆ ಕುಸಿದ. "ಇತ್ತಾ ಅದು? ಅಲ್ಲೇ ಇತ್ತಾ? ಇಷ್ಟು ದಿನಾನೂ?" ಹಾಡು ಮುಗಿದ ತಕ್ಷಣ ಮುಳ್ಳು ಎತ್ತಿ ಎತ್ತಿ, ತಾನೂ ಕೇಳದೆ, ಆ ಮಾತನ್ನು ಉಳಿಸಿದ ತನ್ನ ಕೈಯನ್ನೇ ಅವನು ನೋಡಿಕೊಂಡ, ಅದು ಬೇರೆ ಯಾರದೋ ಎಂಬಂತೆ. ಕಾಂಪೌಂಡರನಿಗೆ ಆ ನೋಟ ಗೊತ್ತಿತ್ತು. ಬೆಳಿಗ್ಗೆಯಿಂದ ಅವನೂ ಹಾಗೇ ನೋಡಿಕೊಳ್ಳುತ್ತಿದ್ದ.

ಟೈಲರ್ ಸ್ಟೂಲನ್ನು ಎಳೆದುಕೊಂಡು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಬಂದ. ಕೈ ಎತ್ತಿ ಕಾಂಪೌಂಡರನ ಗಂಟಲಿನ ಮೇಲೆ ನಾಲ್ಕೂ ಬೆರಳನ್ನಿಟ್ಟ. ಕತ್ತಿನ ಅಳತೆ ತೆಗೆಯುವಾಗಿನ ಕೈಯೋ, ಹಿಚುಕುವ ಕೈಯೋ ತಿಳಿಯಲಿಲ್ಲ. ಬೆರಳು ತಣ್ಣಗಿದ್ದವು, ಸೀಮೆಸುಣ್ಣದ ಪುಡಿಯಿಂದ ನುಣ್ಣಗಿದ್ದವು. "ಹೇಳು," ಎಂದ. "ನೀನು ಕೇಳಿದ್ಯಲ್ಲ. ಅವಳು ಹೇಳಿದ ಹಂಗೇ ಹೇಳು."

"ಮುಗೀತಾ!" ಕಿವುಡರ ಮುಂದೆ ಆಡುವ ರೂಢಿಗೆ ದನಿ ಕೂಗಾಗಿ ಬಂತು.

"ಕೂಗಬೇಡ. ಅವಳು ಕೂಗಿದ್ಲಾ?"

ಇಲ್ಲವೆಂದು ತಲೆಯಾಡಿಸಿದ. ಮತ್ತೆ ಹೇಳಿದ. ಈ ಸಲ ಹೆದರಿದ ದನವನ್ನು ಸಮಾಧಾನ ಮಾಡುವಾಗಿನ, ಹೊಟ್ಟೆಯೊಳಗಿನ ದನಿ ಬಂತು. ಟೈಲರನ ಹುಬ್ಬು ಗಂಟಾಯಿತು. "ಕೊನೇಲಿ ಮೇಲಕ್ಕೆ ಹೋಯ್ತಾ, ಕೆಳಕ್ಕೆ ಬಂತಾ?" ಕಾಂಪೌಂಡರನಿಗೆ ನೆನಪಾಗಲಿಲ್ಲ. ಈಗತಾನೇ ಕೇಳಿದ್ದು. ಊರಿನ ಸರಿಯಾದ ಕಿವಿ. "ಇನ್ನೊಂದ್ಸಲ ಕೇಳು," ಎಂದ ಟೈಲರ್, ಗಂಟಲಿನಿಂದ ಬೆರಳು ತೆಗೆಯದೆ. ಕಾಂಪೌಂಡರ್ ಹಾಗೇ ಕೈಚಾಚಿ ಮುಳ್ಳು ಇಟ್ಟ. ಟಕ್. "ಮುಗೀತಾ?" ನಗು ಮೊದಲ ಸಲಕ್ಕಿಂತ ತೆಳ್ಳಗಿತ್ತು, ಮುಳ್ಳಿನ ತುದಿಯಲ್ಲಿ ಕರೀ ಎಳೆಯೊಂದು ಸುರುಳಿಯಾಗಿ ಎದ್ದಿತ್ತು. ಸ್ಪಿರಿಟ್ಟಿನ ಪಸೆ ಅಲ್ಲಿಗೂ ಹಬ್ಬಿದೆ, ಕೇಳಿದಷ್ಟೂ ಕಿತ್ತುಬರುತ್ತದೆ ಎಂದು ಅವನಿಗೆ ತಿಳಿಯಿತು. ಸ್ಲೇಟಿನ ಕಡೆ ಕೈ ಹೋಯಿತು. ಟೈಲರ್ ಆ ಕೈಯನ್ನು ಹಿಡಿದು ತನ್ನ ತೊಡೆಯ ಮೇಲೆ ಒತ್ತಿಟ್ಟುಕೊಂಡ.

"ಬರೀಬೇಡ. ಹೇಳು."

"ಮುಗೀತಾ?" ಎಂದ ಕಾಂಪೌಂಡರ್, ಉಸಿರು ಸಾಲದೆ.

ಟೈಲರ್ ಕಣ್ಣು ಮುಚ್ಚಿದ್ದ. ಬೆರಳು ಗಂಟಲಿನ ಮೇಲೇ ಇದ್ದವು.

"ಇನ್ನೊಂದ್ಸಲ," ಎಂದ.